"ಕೆಲಸ ಯಾಕೆ ಬಿಡ್ತಿದ್ದೀರಿ?" ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ

ಕೆಲಸ ಬದಲಾಯಿಸುವ ಯೋಚನೆಯಲ್ಲಿರುವವರಿಗೆ ಒಂದು ಮಾತು. ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರವನ್ನು ಮನೆಯಲ್ಲೇ ಎರಡು ಮೂರು ಸಲ ಜೋರಾಗಿ ಹೇಳಿ ನೋಡಿಕೊಂಡು ಹೋಗಿ.

ನಾನು ಮೊದಲ ಸಲ ತಯಾರಿ ಇಲ್ಲದೆ ಹೋಗಿದ್ದೆ. ಆಗ ಅಕೌಂಟ್ಸ್ ವಿಭಾಗದಲ್ಲಿದ್ದೆ. ಪ್ರಶ್ನೆ ಕೇಳಿದ ಕೂಡಲೇ ಮ್ಯಾನೇಜರ್ ಮೇಲಿದ್ದ ಬೇಜಾರೆಲ್ಲ ಹೊರಗೆ ಬಂತು. ಎದುರಿಗೆ ಕೂತಿದ್ದ ಮೇಡಂ ಪೆನ್ನು ಕೆಳಗಿಟ್ಟು ಸುಮ್ಮನಾದರು. ಆಮೇಲೆ ಫೋನೇ ಬರಲಿಲ್ಲ.

ಮುಂದಿನ ಸಲ ಹೀಗೆ ಹೇಳಿದೆ: "ಮೂರು ವರ್ಷದಿಂದ ಬಿಲ್ ಎಂಟ್ರಿ, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ಕೈ ಪಳಗಿದೆ. ಈಗ ಆಡಿಟ್ ಕಲಿಯಬೇಕು. ಅಲ್ಲಿ ಅದಕ್ಕೆ ಅವಕಾಶವಿಲ್ಲ, ನಿಮ್ಮಲ್ಲಿದೆ." ಅದು ನಿಜವೂ ಆಗಿತ್ತು. ನಮ್ಮ ಬೇಜಾರಿನ ಹಿಂದೆ ಏನು ಬೇಕಾಗಿತ್ತು ಅಂತ ಹುಡುಕಿದರೆ ಉತ್ತರ ಅಲ್ಲೇ ಸಿಗುತ್ತದೆ.

ಸಂಬಳ ಕಾರಣವಾದರೆ ಮುಚ್ಚಿಡಬೇಡಿ, ಆದರೆ ಅದೊಂದನ್ನೇ ಹೇಳಬೇಡಿ. ದಿನಾ ಸಿಲ್ಕ್ ಬೋರ್ಡ್ ದಾಟಿ ಮೂರು ಗಂಟೆ ಬಸ್ಸಿನಲ್ಲೇ ಕಳೆಯುತ್ತಿದ್ದರೆ ಅದನ್ನೂ ಹೇಳಬಹುದು. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕೆಲಸದಿಂದ ತೆಗೆದಿದ್ದರೆ ಸುಳ್ಳು ಬೇಡವೇ ಬೇಡ. ಪಿಎಫ್ ಸರ್ವಿಸ್ ಹಿಸ್ಟರಿಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಅಂದರೆ ನೀವು ಹೇಳಿದ್ದು ನಿಜವಾ ಅಂತ ಪರಿಶೀಲನೆ, ಮಾಡುವವರು ಅದನ್ನೂ ಕೇಳಬಹುದು. "ಪ್ರಾಜೆಕ್ಟ್ ನಿಂತಿತು, ನಮ್ಮ ಟೀಮಿನವರನ್ನೆಲ್ಲ ತೆಗೆದರು" ಅಂತ ಒಂದೇ ಮಾತಿನಲ್ಲಿ ಹೇಳಿ, ಆಮೇಲೆ ಏನೇನು ಕಲಿತಿರಿ ಅನ್ನೋದಕ್ಕೆ ಬನ್ನಿ. ಜಾಸ್ತಿ ವಿವರಣೆ ಕೊಡಲು ಹೋದರೆ ಸುಮ್ನೆ ಅನುಮಾನ ಹುಟ್ಟುತ್ತದೆ.

ಹೊರಡುವ ಮುಂಚೆ ಹಳೇ ಆಫರ್ ಲೆಟರ್ ತೆಗೆದು, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) 60 ದಿನವೋ 90 ದಿನವೋ ನೋಡಿಕೊಳ್ಳಿ. ಸಾಮಾನ್ಯವಾಗಿ ಮುಂದಿನ ಪ್ರಶ್ನೆ ಅದೇ.