ಲಿವರ್‌ಗೆ ಹರಡಿದ ಕ್ಯಾನ್ಸರ್: ದೊಡ್ಡ ಗಾಯವೋ, ಸಣ್ಣ ರಂಧ್ರವೋ?

ಲಿವರ್ ಆಪರೇಷನ್‌ಗೆ ಬರುವವರು ಕೂತ ಕೂಡಲೇ ಕೇಳುವುದು ಒಂದೇ. "ಡಾಕ್ಟ್ರೇ, ಹೊಟ್ಟೆ ಕೊಯ್ದು ಮಾಡ್ತೀರಾ, ಲ್ಯಾಪರೊಸ್ಕೋಪಿಯಲ್ಲಿ ಆಗುತ್ತಾ?" ಇತ್ತೀಚೆಗೆ ರೋಬೋಟ್ ಬಗ್ಗೆಯೂ ಕೇಳುತ್ತಾರೆ. ಪ್ರಶ್ನೆ ಸಹಜವೇ. ನೋವು, ಗಾಯ, ಎಷ್ಟು ದಿನ ಮಲಗಬೇಕು ಅನ್ನುವುದೆಲ್ಲ ಅದರಲ್ಲೇ ಇದೆ. ಆದರೆ ನಾನು ಯೋಚಿಸುವಾಗ ಆ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಮೊದಲು ಬರುವುದು ಬೇರೆ: ಗಡ್ಡೆಗಳನ್ನೆಲ್ಲ ತೆಗೆದ ಮೇಲೆ ಎಷ್ಟು ಲಿವರ್ ಉಳಿಯುತ್ತದೆ? ಉಳಿದ ಭಾಗಕ್ಕೆ ರಕ್ತ ಬರುವ ದಾರಿ, ರಕ್ತ ಹೊರಗೆ ಹೋಗುವ ದಾರಿ, ಪಿತ್ತರಸ ಹರಿಯುವ ದಾರಿ, ಮೂರೂ ಚೆನ್ನಾಗಿರುತ್ತವಾ?

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ದೊಡ್ಡ ಕರುಳು ಮತ್ತು ಗುದನಾಳದಿಂದ ಹರಡಿದ ಕ್ಯಾನ್ಸರ್ ಬಗ್ಗೆ. ಕರುಳಿನ ರಕ್ತವೆಲ್ಲ ಪೋರ್ಟಲ್ ವೇನ್ ಮೂಲಕ ಮೊದಲು ಲಿವರ್‌ಗೇ ಬರುತ್ತದೆ. ಹಾಗಾಗಿ ಎಷ್ಟೋ ಜನರಲ್ಲಿ ರೋಗ ಮೊದಲು ನಿಲ್ಲುವುದು ಅಲ್ಲೇ. ಅಲ್ಲಿಂದ ಪೂರ್ತಿ ತೆಗೆಯಲು ಆದರೆ ಹರಡಿದ ಕ್ಯಾನ್ಸರ್ ಕೂಡ ಕೆಲವರಲ್ಲಿ ವಾಸಿಯಾಗುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಲಿವರ್‌ಗೆ ಬಂದಿದ್ದರೆ ಸಾಮಾನ್ಯವಾಗಿ ಈ ಲೆಕ್ಕ ನಡೆಯುವುದಿಲ್ಲ.

ಹಿಂದೆ ನಿಯಮ ಬಿಗಿಯಾಗಿತ್ತು. ಗಡ್ಡೆ ನಾಲ್ಕಕ್ಕಿಂತ ಕಡಿಮೆ ಇರಬೇಕು, ಸುತ್ತ 1 ಸೆಂ.ಮೀ. ಆರೋಗ್ಯವಂತ ಲಿವರ್ ಸೇರಿಸಿ ತೆಗೆಯಬೇಕು. ಈಗ ಸಂಖ್ಯೆಗೆ ಅಷ್ಟು ಬೆಲೆ ಇಲ್ಲ. ಅಂಚು 1 ಮಿ.ಮೀ. ಸ್ವಚ್ಛವಾಗಿದ್ದರೂ ಒಪ್ಪುತ್ತೇವೆ. ಉಳಿಯುವ ಲಿವರ್ ಎಷ್ಟಿರಬೇಕು ಅನ್ನುವುದಕ್ಕೆ ಮಾತ್ರ ಲೆಕ್ಕ ಇದೆ. ಆರೋಗ್ಯವಂತ ಲಿವರ್ ಆದರೆ ಕನಿಷ್ಠ ಶೇ. 20, ತುಂಬಾ ಕೀಮೋ ಕಂಡಿದ್ದರೆ ಶೇ. 30, ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ರೋಗ) ಇದ್ದರೆ ಶೇ. 40. ಇದಕ್ಕಿಂತ ಕಡಿಮೆ ಬಿಟ್ಟರೆ ಆಪರೇಷನ್ ಎಷ್ಟು ಅಂದವಾಗಿ ಮಾಡಿದರೂ ವಾರದೊಳಗೆ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ರೋಗಿ ಕುಸಿಯಬಹುದು.

ನಾನು ಕಲಿಯುತ್ತಿದ್ದ ಕಾಲದಲ್ಲಿ ಬಲಗಡೆ ಎರಡು ಗಡ್ಡೆ ಇದ್ದರೆ ಬಲ ಅರ್ಧವನ್ನೇ ತೆಗೆಯುವುದು ಮಾಮೂಲಿ. ಅರ್ಧ ಅಂತ ಬಾಯಲ್ಲಿ ಹೇಳುತ್ತೇವೆ, ಆದರೆ ಬಲಭಾಗ ಇಡೀ ಲಿವರ್‌ನ ಶೇ. 60ಕ್ಕೂ ಜಾಸ್ತಿ. ಆಪರೇಷನ್ ನೀಟಾಗಿ ಕಾಣುತ್ತದೆ, ನಿಜ. ಒಂದು ಕಡೆಯ ರಕ್ತನಾಳ ಕಟ್ಟಿದರೆ ಬಣ್ಣ ಬದಲಾಗಿ ಗೆರೆ ಮೂಡುತ್ತದೆ, ಆ ಗೆರೆ ಹಿಡಿದು ಹೋಗಬಹುದು. ಈಗ ನಾನು ಹಾಗೆ ಮಾಡುವುದು ಬೇರೆ ದಾರಿ ಇಲ್ಲದಾಗ ಮಾತ್ರ. ಗಡ್ಡೆ ಎಷ್ಟಿದೆಯೋ ಅಷ್ಟನ್ನೇ ಸುತ್ತ ಸ್ವಲ್ಪ ಸೇರಿಸಿ ತೆಗೆದು, ಉಳಿದದ್ದನ್ನು ಉಳಿಸುತ್ತೇನೆ. ಕಾರಣ ಸರಳ. ಈ ಆಪರೇಷನ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರೋಗ ಮತ್ತೆ ಎಲ್ಲೋ ಒಂದು ಕಡೆ ಬರುತ್ತದೆ, ಎಷ್ಟೋ ಸಲ ಲಿವರ್‌ನಲ್ಲೇ. ಆಗ ಎರಡನೇ ಸಲ ತೆಗೆಯಲು ಲಿವರ್ ಉಳಿದಿರಬೇಕಲ್ವಾ?

ಆದರೆ ಸಣ್ಣದಾಗಿ ತೆಗೆಯುವುದು ಸುಲಭದ ಕೆಲಸ ಅಲ್ಲ. ಲಿವರ್‌ನ ಮೇಲ್ಮೈ ನೋಡಿದರೆ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಎರಡು ಮರಗಳ ಕೊಂಬೆಗಳು ಎದುರುಬದುರಾಗಿ ಒಂದರೊಳಗೊಂದು ನುಗ್ಗಿದ ಹಾಗೆ ಪೋರ್ಟಲ್ ವೇನ್ ಕೆಳಗಿನಿಂದ, ರಕ್ತ ಹೊರಗೆ ಒಯ್ಯುವ ಹೆಪಾಟಿಕ್ ವೇನ್ ಮೇಲಿನಿಂದ ಹರಡಿರುತ್ತವೆ. ಫ್ರಾನ್ಸ್‌ನ ಸರ್ಜನ್ ಕ್ಲೋಡ್ ಕ್ವೀನೋ 1957ರಲ್ಲಿ ಇದನ್ನು 8 ಸೆಗ್ಮೆಂಟ್‌ಗಳಾಗಿ ವಿಂಗಡಿಸಿ ತೋರಿಸಿದರು. ಇವತ್ತಿಗೂ ನಾವು ಮಾತಾಡುವುದು ಆ ನಂಬರ್‌ಗಳಲ್ಲೇ. ಆಪರೇಷನ್‌ಗೆ ಮುಂಚೆ ಎಂಆರ್‌ಐ ಮುಂದಿಟ್ಟುಕೊಂಡು ಕೈಯಲ್ಲೇ ಚಿತ್ರ ಬರೆಯುವುದು ನನ್ನ ಅಭ್ಯಾಸ. ಯಾವ ಗಡ್ಡೆ ಯಾವ ವೇನ್‌ನಿಂದ ಎಷ್ಟು ದೂರ, ಯಾವುದನ್ನು ಬಿಡಿಸಿಕೊಳ್ಳಬಹುದು, ಯಾವುದನ್ನು ಬಲಿ ಕೊಡಬೇಕು. ಕಂಪ್ಯೂಟರ್ ಮೂರು ಆಯಾಮದ ಚಿತ್ರ ಕೊಡುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೂ ಕೈಯಲ್ಲಿ ಬರೆದರೆ ತಲೆಯಲ್ಲಿ ಕೂರುತ್ತದೆ.

ಟೇಬಲ್ ಮೇಲೆ ಮೊದಲ ಕೆಲಸ ಅಲ್ಟ್ರಾಸೌಂಡ್. ಪ್ರೋಬನ್ನು ನೇರವಾಗಿ ಲಿವರ್ ಮೇಲೇ ಇಟ್ಟು ಇಡೀ ಅಂಗವನ್ನು ನಿಧಾನಕ್ಕೆ ನೋಡುತ್ತೇನೆ. ಸ್ಕ್ಯಾನ್‌ನಲ್ಲಿ ಕಾಣದ ಗಡ್ಡೆ ಇಲ್ಲಿ ಸಿಗುವುದುಂಟು. ಎಲ್ಲಿ ಕತ್ತರಿಸಬೇಕು ಅನ್ನುವ ಗೆರೆಯನ್ನು ಡಯಾಥರ್ಮಿಯಿಂದ (ವಿದ್ಯುತ್ತಿನಿಂದ ಸುಡುವ ಉಪಕರಣ) ಮೇಲ್ಮೈಯಲ್ಲಿ ಎಳೆದ ಮೇಲೂ ಮತ್ತೊಮ್ಮೆ ನೋಡುತ್ತೇನೆ. ಈ ಹೆಜ್ಜೆಗೆ ಸಮಯ ಹೋದರೆ ಹೋಗಲಿ.

ಆಮೇಲೆ ರಕ್ತಸ್ರಾವದ ಮಾತು. ಇಲ್ಲಿ ಅರ್ಧ ಕೆಲಸ ಅನಸ್ತೇಷಿಯಾದವರದ್ದು. ಹೃದಯಕ್ಕೆ ಮರಳುವ ರಕ್ತದ ಒತ್ತಡವನ್ನು ಅವರು 5 ಮಿ.ಮೀ. ಪಾದರಸಕ್ಕಿಂತ ಕೆಳಗೆ ಇಟ್ಟರೆ ಹೆಪಾಟಿಕ್ ವೇನ್‌ಗಳು ಸಡಿಲವಾಗಿರುತ್ತವೆ, ಸಣ್ಣ ತೂತಾದರೂ ರಕ್ತ ಚಿಮ್ಮುವುದಿಲ್ಲ. ಅದಕ್ಕೇ ಕತ್ತರಿಸುವ ಕೆಲಸ ಮುಗಿಯುವ ತನಕ ಡ್ರಿಪ್ ಜೋರಾಗಿ ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಇನ್ನೊಂದು, ಲಿವರ್‌ಗೆ ರಕ್ತ ತರುವ ಕಟ್ಟಿನ ಸುತ್ತ ಟೇಪ್ ಹಾಕಿ ಬಿಗಿಯುವುದು. ಗ್ಲಾಸ್ಗೋದ ಸರ್ಜನ್ ಪ್ರಿಂಗಲ್ 1908ರಲ್ಲಿ, ಏಟು ಬಿದ್ದು ಹರಿದ ಲಿವರ್‌ಗಾಗಿ ಹೇಳಿದ ಉಪಾಯ ಇದು. 15 ನಿಮಿಷ ಬಿಗಿ, 5 ನಿಮಿಷ ಬಿಡು. ಥಿಯೇಟರ್‌ನಲ್ಲಿ ಒಬ್ಬರು ಗಡಿಯಾರ ನೋಡಿ ಕೂಗುತ್ತಿರುತ್ತಾರೆ. ಬಿಗಿದಿರುವಾಗ ಸಣ್ಣ ಕ್ಲಾಂಪ್‌ನಿಂದ ಅಂಗಾಂಶವನ್ನು ಹಿಸುಕುತ್ತಾ ಹೋದರೆ ಮೆದುವಾದದ್ದು ಪುಡಿಯಾಗಿ ನಾಳಗಳು ಮಾತ್ರ ಉಳಿಯುತ್ತವೆ. ಸಣ್ಣದಕ್ಕೆ ಕ್ಲಿಪ್, ದೊಡ್ಡದಕ್ಕೆ ದಾರ. ದುಬಾರಿ ಉಪಕರಣಗಳು ಬೇಕಾದಷ್ಟಿವೆ, ಬಳಸುತ್ತೇನೆ ಕೂಡ. ಕ್ಲಾಂಪ್ ಇನ್ನೂ ಟ್ರೇಯಲ್ಲಿದೆ.

ಇಷ್ಟಾದ ಮೇಲೆ ರೋಗಿಗಳ ಪ್ರಶ್ನೆಗೆ ಬರೋಣ. ಲ್ಯಾಪರೊಸ್ಕೋಪಿ ಬಗ್ಗೆ ಶುರುವಿನಲ್ಲಿ ನನಗೆ ಅನುಮಾನ ಇತ್ತು. ಕೈಯಲ್ಲಿ ಮುಟ್ಟಿ ನೋಡದೆ ಕ್ಯಾನ್ಸರ್ ಗಡ್ಡೆ ತೆಗೆಯುವುದಾ? ನಾರ್ವೆಯಲ್ಲಿ ನಡೆದ ಓಸ್ಲೋ-ಕಾಮೆಟ್ ಅಧ್ಯಯನ ಆ ಅನುಮಾನವನ್ನು ಬಹಳ ಮಟ್ಟಿಗೆ ಕಳೆಯಿತು. 280 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಲಿವರ್ ಉಳಿಸುವ ರೀತಿಯ ಆಪರೇಷನ್ ಮಾಡಿದ್ದರು. ತೊಡಕುಗಳು ತೆರೆದ ಆಪರೇಷನ್‌ನಲ್ಲಿ ಶೇ. 31, ಲ್ಯಾಪರೊಸ್ಕೋಪಿಯಲ್ಲಿ ಶೇ. 19. ಆಸ್ಪತ್ರೆಯ ವಾಸ 96 ಗಂಟೆಯಿಂದ 53 ಗಂಟೆಗೆ ಇಳಿಯಿತು. ಮುಖ್ಯವಾಗಿ, ಐದು ವರ್ಷದ ನಂತರ ಬದುಕುಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಂದರೆ ಸಣ್ಣ ರಂಧ್ರದಿಂದ ಆಯಸ್ಸು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಚೇತರಿಕೆ ಮಾತ್ರ ಬೇಗ ಆಯಿತು.

2, 3ನೇ ಸೆಗ್ಮೆಂಟ್, ಅಂದರೆ ಎಡಗಡೆಯ ತುದಿಯಲ್ಲಿ ಗಡ್ಡೆ ಇದ್ದರೆ ನಾನು ಯೋಚಿಸುವುದೇ ಇಲ್ಲ, ಲ್ಯಾಪರೊಸ್ಕೋಪಿ. 5, 6, 4ರ ಕೆಳಭಾಗ ಕೂಡ ಹೆಚ್ಚಾಗಿ ಹಾಗೇ. ಹೊಟ್ಟೆಗೆ ತುಂಬಿದ ಗ್ಯಾಸಿನ ಒತ್ತಡವೇ ಸಣ್ಣ ವೇನ್‌ಗಳ ರಕ್ತವನ್ನು ಹಿಡಿದಿಡುತ್ತದೆ, ಕ್ಯಾಮೆರಾದಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಕಷ್ಟ ಶುರುವಾಗುವುದು 7, 8ರಲ್ಲಿ. ಅವು ಪಕ್ಕೆಲುಬಿನ ಗೂಡಿನೊಳಗೆ, ಡಯಾಫ್ರಮ್‌ನ ಕೆಳಗೆ, ಹಿಂಬದಿಯಲ್ಲಿ ಕೂತಿವೆ. ನೇರ ಉಪಕರಣ ಅಲ್ಲಿಗೆ ವಾರೆಯಾಗಿ ಮುಟ್ಟುತ್ತದೆ. ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿದರೆ ಲಿವರ್ ತನ್ನ ಭಾರಕ್ಕೇ ಜಾರಿ ಸ್ವಲ್ಪ ಜಾಗ ಸಿಗುತ್ತದೆ. ರೋಬೋಟ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ. ಅದರ ತುದಿ ಮಣಿಕಟ್ಟಿನ ಹಾಗೆ ಬಾಗುತ್ತದೆ, ಆ ಮೂಲೆಯಲ್ಲೂ ಹೊಲಿಗೆ ಹಾಕಬಹುದು. ಎಡತುದಿಯ ಒಂದು ಗಡ್ಡೆಗೆ ರೋಬೋಟ್ ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಹಾಗಾದರೆ ಈಗಲೂ ಹೊಟ್ಟೆ ತೆರೆಯುವುದು ಯಾವಾಗ? ಎರಡೂ ಕಡೆ ತುಂಬಾ ಗಡ್ಡೆಗಳಿದ್ದಾಗ. ಹೆಪಾಟಿಕ್ ವೇನ್‌ಗಳು ದೊಡ್ಡ ರಕ್ತನಾಳಕ್ಕೆ ಸೇರುವ ಜಾಗಕ್ಕೆ ಗಡ್ಡೆ ಅಂಟಿಕೊಂಡಿದ್ದಾಗ. ಅಲ್ಲಿ ರಕ್ತ ಬಂದರೆ ಬೆರಳಿಟ್ಟು ಒತ್ತಲು ಆಗಬೇಕು. ಲ್ಯಾಪರೊಸ್ಕೋಪಿಯಲ್ಲಿ ಶುರು ಮಾಡಿ ಮಧ್ಯೆ ತೆರೆಯಬೇಕಾಗಿ ಬರಬಹುದು ಅಂತ ಮೊದಲೇ ಹೇಳಿರುತ್ತೇನೆ. ರಕ್ತ ಹರಿದು ಗಾಬರಿಯಾದ ಮೇಲೆ ತೆರೆಯುವುದು ಬೇರೆ, ಮುಂದೆ ಹೋಗಲು ಆಗುತ್ತಿಲ್ಲ ಅಂತ ಸಮಾಧಾನವಾಗಿ ತೆರೆಯುವುದು ಬೇರೆ.

ಬಲಗಡೆ ಪೂರ್ತಿ ರೋಗ, ಎಡಗಡೆ ಒಂದೆರಡು ಗಡ್ಡೆ, ಎಡಭಾಗ ಚಿಕ್ಕದು ಅಂತಿಟ್ಟುಕೊಳ್ಳಿ. ಒಂದೇ ಸಲಕ್ಕೆ ತೆಗೆದರೆ ಉಳಿಯುವುದು ಸಾಲುವುದಿಲ್ಲ. ಆಗ ಮೊದಲು ಎಡಗಡೆಯದನ್ನು ತೆಗೆದು, ಬಲಗಡೆಯ ಪೋರ್ಟಲ್ ವೇನ್ ಮುಚ್ಚಿಸುತ್ತೇವೆ. ರಕ್ತವೆಲ್ಲ ಎಡಕ್ಕೆ ತಿರುಗಿ ಕೆಲವು ವಾರಗಳಲ್ಲಿ ಅದು ಬೆಳೆಯುತ್ತದೆ. ಆಮೇಲೆ ಬಲಭಾಗ ತೆಗೆಯುವುದು. ಕಾಯುವಾಗ ರೋಗವೂ ಬೆಳೆದು ಕೆಲವರು ಎರಡನೇ ಹಂತ ತಲುಪುವುದೇ ಇಲ್ಲ, ಅದೇ ಇದರ ದೊಡ್ಡ ಕೊರತೆ. 2012ರಲ್ಲಿ ಜರ್ಮನಿಯಿಂದ ಆಲ್ಪ್ಸ್ ಅನ್ನುವ ವಿಧಾನದ ವರದಿ ಬಂತು. ವೇನ್ ಕಟ್ಟುವಾಗಲೇ ಲಿವರನ್ನೂ ಎರಡಾಗಿ ಬೇರ್ಪಡಿಸಿ, ವಾರ ಎರಡು ವಾರದಲ್ಲೇ ಉಳಿದದ್ದನ್ನು ತೆಗೆಯುವುದು. ಬೆಳವಣಿಗೆ ನೋಡಿ ಎಲ್ಲರೂ ಬೆರಗಾದೆವು. ಆದರೆ ಆ ಮೊದಲ 25 ಜನರಲ್ಲಿ ಮೂವರು ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ನಂತರ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ ಆಲ್ಪ್ಸ್ ಆದವರಲ್ಲಿ ಶೇ. 92 ಜನರಿಗೆ ಆಪರೇಷನ್ ಪೂರ್ತಿಯಾಯಿತು, ಹಳೆಯ ಎರಡು ಹಂತದಲ್ಲಿ ಶೇ. 57. ನಾನು ಈಗಲೂ ನಿಧಾನದ ದಾರಿಯಲ್ಲೇ ಶುರು ಮಾಡುತ್ತೇನೆ. ಲಿವರ್ ಸಾಕಷ್ಟು ಬೆಳೆಯದಿದ್ದರೆ ಮಾತ್ರ ಆಲ್ಪ್ಸ್.

ಕರುಳಿನ ಗಡ್ಡೆಯೂ ಇನ್ನೂ ಒಳಗೇ ಇದ್ದರೆ? ಎರಡೂ ಆಪರೇಷನ್ ಸಣ್ಣವಾದರೆ ಒಟ್ಟಿಗೆ ಮಾಡಬಹುದು. ಗುದನಾಳದ ದೊಡ್ಡ ಆಪರೇಷನ್, ಲಿವರ್‌ನ ದೊಡ್ಡ ಆಪರೇಷನ್ ಎರಡನ್ನೂ ಒಂದೇ ದಿನ ನಾನು ಮಾಡುವುದಿಲ್ಲ. ಲಿವರ್ ಕಡೆಯ ರೋಗವೇ ಜಾಸ್ತಿ ಅಪಾಯ ಅನ್ನಿಸಿದರೆ ಮೊದಲು ಲಿವರ್, ಆಮೇಲೆ ಕರುಳು.

ಕೀಮೋ ಕೊಡುವವರ ಜೊತೆ ನನ್ನ ವಾದ ಯಾವಾಗಲೂ ಒಂದೇ: ತೆಗೆಯಲು ಆಗುವಷ್ಟು ಕುಗ್ಗಿದ ಕೂಡಲೇ ಕಳಿಸಿ, ಪೂರ್ತಿ ಮಾಯವಾಗಲಿ ಅಂತ ಕಾಯಬೇಡಿ. ಸ್ಕ್ಯಾನ್‌ನಲ್ಲಿ ಮಾಯವಾದ ಗಡ್ಡೆಗಳಲ್ಲಿ ಎಷ್ಟೋ ಕಡೆ ಕ್ಯಾನ್ಸರ್ ಜೀವಂತ ಇರುತ್ತದೆ, ನನಗೆ ಹುಡುಕಲು ಮಾತ್ರ ಸಿಗುವುದಿಲ್ಲ. ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿ ಜಾಸ್ತಿಯಾದರೆ ಲಿವರ್ ನೀಲಿಗಟ್ಟಿ, ಮುಟ್ಟಿದಲ್ಲೆಲ್ಲ ರಕ್ತ ಜಿನುಗುತ್ತದೆ. ಕೊನೆಯ ಕೀಮೋ ಆಗಿ ಕನಿಷ್ಠ ನಾಲ್ಕು ವಾರ, ಜೊತೆಗೆ ಬೆವಸಿಜುಮಾಬ್ ಅನ್ನುವ ಔಷಧಿ ಕೊಟ್ಟಿದ್ದರೆ ಆರು ವಾರ ಬಿಟ್ಟು ಆಪರೇಷನ್‌ಗೆ ತೆಗೆದುಕೊಳ್ಳುತ್ತೇನೆ.

ಎಲ್ಲವನ್ನೂ ಕತ್ತರಿಸಿಯೇ ತೆಗೆಯಬೇಕು ಅಂತಲೂ ಇಲ್ಲ. 3 ಸೆಂ.ಮೀ.ವರೆಗಿನ ಗಡ್ಡೆಗಳನ್ನು ಸೂಜಿಯಿಂದ ಸುಡುವುದು ಆಪರೇಷನ್‌ಗೆ ಕಮ್ಮಿಯೇನಲ್ಲ ಅಂತ ಕೊಲಿಷನ್ ಅಧ್ಯಯನ ತೋರಿಸಿತು, ತೊಡಕುಗಳೂ ಕಡಿಮೆ ಇದ್ದವು. ಶಸ್ತ್ರಚಿಕಿತ್ಸಕರಿಗೆ ಇದು ಸ್ವಲ್ಪ ಚುಚ್ಚುವ ಫಲಿತಾಂಶ. ಆದರೆ ಆಳದಲ್ಲಿರುವ ಒಂದು ಸಣ್ಣ ಗಡ್ಡೆಗಾಗಿ ದೊಡ್ಡ ತುಂಡು ಕತ್ತರಿಸುವ ಬದಲು, ಆಪರೇಷನ್ ಟೇಬಲ್ ಮೇಲೇ ಅದನ್ನು ಸುಟ್ಟು ಉಳಿದವನ್ನು ತೆಗೆಯುವುದು ನನಗೆ ಈಗ ದಿನನಿತ್ಯದ ಕೆಲಸ. ದೊಡ್ಡ ರಕ್ತನಾಳಕ್ಕೆ ತಾಗಿದ್ದರೆ ಮಾತ್ರ ನಂಬುವುದಿಲ್ಲ, ಹರಿಯುವ ರಕ್ತ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಪಿತ್ತನಾಳದ ಕವಲಿನ ಪಕ್ಕದಲ್ಲೂ ಬೇಡ.

ಆಪರೇಷನ್ ಆದ ಮೇಲೆ ಕೆಲವು ತಿಂಗಳಿಗೊಮ್ಮೆ ಸಿಇಎ (ಕ್ಯಾನ್ಸರ್ ಮರಳುವ ಸುಳಿವು ಕೊಡುವ) ರಕ್ತಪರೀಕ್ಷೆ, ಸ್ಕ್ಯಾನ್ ನಡೆಯುತ್ತಲೇ ಇರುತ್ತವೆ. ಮತ್ತೆ ಕಾಣಿಸಿಕೊಂಡರೆ ಮತ್ತೆ ಆಪರೇಷನ್. ಮೊದಲನೆಯದು ಲ್ಯಾಪರೊಸ್ಕೋಪಿಯಲ್ಲಿ ಆಗಿದ್ದರೆ ಒಳಗೆ ಅಂಟಿಕೊಂಡಿರುವುದು ಕಡಿಮೆ, ಎರಡನೇ ಸಲ ಹೋಗುವುದು ಸುಲಭ. ಅದಕ್ಕೇ ಆಪರೇಷನ್ ನೋಟ್ಸ್‌ನಲ್ಲಿ ಏನು ತೆಗೆದೆ ಅನ್ನುವುದಕ್ಕಿಂತ ಏನು ಉಳಿಸಿದೆ ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ. ಯಾವ ವೇನ್ ಹಾಗೇ ಇದೆ, ಯಾವುದರ ಗೋಡೆಯಿಂದ ಗಡ್ಡೆ ಬಿಡಿಸಿದೆ, ಎಲ್ಲಿ ಕ್ಲಿಪ್ ಇದೆ. ಮುಂದಿನ ಸಲ ಹೊಟ್ಟೆಯೊಳಗೆ ಹೋಗುವವರು ನಾನೇ ಆಗಿರಬೇಕು ಅಂತೇನಿಲ್ಲ.