ಬುಡದಲ್ಲೇ ಬಾಗಿ ಸಾಯುತ್ತಿದ್ದ ಮೆಣಸಿನ ಸಸಿಗಳು: ನನ್ನ ಅನುಭವ

ಅಡುಗೆಮನೆಯ ಕಿಟಕಿಯ ಬಳಿ ಮೊಸರಿನ ಡಬ್ಬಿಗಳಲ್ಲಿ ಮೊಳೆತ ಮೆಣಸಿನ ಸಸಿಗಳು, ನಾಲ್ಕೈದು ದಿನಗಳಲ್ಲಿ ಮಣ್ಣಿಗೆ ತಾಗುವ ಜಾಗದಲ್ಲಿ ದಾರದಂತೆ ಸಣ್ಣಗಾಗಿ ಒರಗುತ್ತಿದ್ದವು. ಇದು ಸಸಿ ಕೊಳೆ ರೋಗ, ಅಂದರೆ ತೇವ ಹೆಚ್ಚಾದ ಮಣ್ಣಿನಲ್ಲಿ ಬೆಳೆಯುವ ಬೂಷ್ಟಿನಿಂದ (ಶಿಲೀಂಧ್ರದಿಂದ) ಎಳೆ ಸಸಿಯ ಬುಡ ಕೊಳೆಯುವುದು. ಅರಿಶಿನ ಉದುರಿಸಿದ್ದರಿಂದಾಗಲಿ, ಬೀಜ ಬದಲಿಸಿದ್ದರಿಂದಾಗಲಿ ಪ್ರಯೋಜನವಾಗಲಿಲ್ಲ. ಬೇವಿನ ಹಿಂಡಿ ಬೆರೆಸಿದಾಗ ಬೂಷ್ಟು ಇನ್ನಷ್ಟು ಹೆಚ್ಚಿತು.

ಕೊನೆಗೆ ತೋಟದ ಮಣ್ಣನ್ನು ಬಿಟ್ಟು, ತೆಂಗಿನ ನಾರಿನ ಪುಡಿಯ ಮೇಲೆ ಕುದಿಯುವ ನೀರು ಸುರಿದು, ಮುಚ್ಚಿಟ್ಟು ತಣಿಸಿ, ಹಿಂಡಿದರೆ ಒಂದೆರಡು ಹನಿಯಷ್ಟೇ ಬರುವಂತೆ ಆರಿಸಿ, ತಳಕ್ಕೆ 6 ತೂತು ಕೊರೆದ ಡಬ್ಬಿಗಳಿಗೆ ತುಂಬಿದೆನು. ಬೀಜವನ್ನು ಅರ್ಧ ಸೆಂ.ಮೀ. ಆಳದಲ್ಲಿ ಬಿತ್ತಿ ಪ್ಲಾಸ್ಟಿಕ್ ಹಾಳೆ ಹೊದಿಸಿದೆನು. ಮೊದಲ ಮೊಳಕೆ ಕಂಡ ದಿನವೇ ಆ ಹಾಳೆಯನ್ನು ತೆಗೆಯಬೇಕು. ನಾನು ಹಿಂದೆ ವಾರಗಟ್ಟಲೆ ಬಿಡುತ್ತಿದ್ದುದೇ ತಪ್ಪು. ಅನಂತರ ಮೇಲಿನಿಂದ ನೀರು ಚಿಮುಕಿಸದೆ, ಮೇಲ್ಮೈ ಒಣಗಿ ಬಣ್ಣ ತಿಳಿಯಾದಾಗ ಮಾತ್ರ ಡಬ್ಬಿಗಳನ್ನು 2 ಸೆಂ.ಮೀ. ನೀರಿರುವ ತಟ್ಟೆಯಲ್ಲಿ 15 ನಿಮಿಷ ನಿಲ್ಲಿಸಿ, ಉಳಿದ ನೀರನ್ನು ಚೆಲ್ಲಿದೆನು.