ಐದು ವರ್ಷ, ಮೂರು ಸೆಟ್ ವೀಲ್

ನನ್ನ ಮೊದಲ ಸ್ಕೇಟ್‌ಬೋರ್ಡ್ ಆಟದ ಸಾಮಾನಿನ ಅಂಗಡಿಯದು. ವೀಲ್ ಬರೀ ಪ್ಲಾಸ್ಟಿಕ್. ಎರಡೇ ವಾರಕ್ಕೆ ಅಂಚೆಲ್ಲ ಚೂರು ಚೂರಾಗಿ ಕಿತ್ತು ಬಂತು. ಅದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ದುಡ್ಡು ಕೂಡಿಟ್ಟು ಪಾಲಿಯುರೆಥೇನ್ ವೀಲ್ ತಗೊಂಡೆ. ರಬ್ಬರಿನಂಥ ಗಟ್ಟಿ ವಸ್ತು ಅದು, ಚುಟುಕಾಗಿ ಯುರೆಥೇನ್. ವ್ಯತ್ಯಾಸ ನೋಡಬೇಕಾ? ಎರಡನ್ನೂ ಸೊಂಟದ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿಡಿ. ಒಳ್ಳೆಯ ಯುರೆಥೇನ್ ಚೆಂಡಿನ ಹಾಗೆ ಪುಟಿಯುತ್ತದೆ, ಪ್ಲಾಸ್ಟಿಕ್ ಲಟಕ್ ಅಂತ ಬೀಳುತ್ತದೆ. ಅಮೆರಿಕದಲ್ಲೂ 1970ರ ದಶಕದ ಶುರುವಿನ ತನಕ ಹುಡುಗರು ಲೋಹದ ವೀಲ್, ಕ್ಲೇ ವೀಲ್ ಹಾಕಿಕೊಂಡೇ ಆಡುತ್ತಿದ್ದರು. ಕಾಳಿನಷ್ಟು ಕಲ್ಲು ಸಿಕ್ಕರೆ ಬೋರ್ಡು ಅಲ್ಲೇ, ಆಸಾಮಿ ಮುಂದೆ! ಫ್ರಾಂಕ್ ನಾಸ್ವರ್ದಿ ಎಂಬಾತ ಯುರೆಥೇನ್ ವೀಲ್ ತಂದ ಮೇಲೆ ಆ ಕಾಟ ಕಡಿಮೆಯಾಯಿತು.

ಗಡಸಾದಷ್ಟೂ ಬಾಳಿಕೆ ಜಾಸ್ತಿ ಅಂದುಕೊಂಡು ನಾನು ಮೊದಲು ತಂದದ್ದು 101ಎ, 52 ಮಿಮೀ. ವೀಲ್ ಮೇಲೆ ಎರಡು ಸಂಖ್ಯೆ ಇರುತ್ತದೆ, ಒಂದು ವ್ಯಾಸ, ಇನ್ನೊಂದು ಗಡಸುತನ. 78ಎ ಅಂದರೆ ಮೆತ್ತಗೆ, 100ರ ಆಸುಪಾಸು ಅಂದರೆ ಕಲ್ಲು. ಆ 101ಎ ಸ್ಕೇಟ್ ಪಾರ್ಕಿನ ನುಣುಪು ಕಾಂಕ್ರೀಟಿನಲ್ಲಿ ಬೆಣ್ಣೆಯಂತೆ ಓಡಿತು. ಆದರೆ ನಾನು ಪಾರ್ಕಿಗೆ ಹೋಗುವುದು ಭಾನುವಾರ ಮಾತ್ರ. ಉಳಿದ ದಿನವೆಲ್ಲ ಬೆಂಗಳೂರಿನ ನಮ್ಮ ಬೀದಿಯೇ ಗತಿ. ಟಾರು ಕಿತ್ತು ಜಲ್ಲಿ ಎದ್ದಿರುತ್ತದೆ, ಕೇಬಲ್‌ಗೆ ಅಗೆದು ಅರೆಬರೆ ಮುಚ್ಚಿದ ಗುಂಡಿ ಬೇರೆ. ಅಂಗಾಲು ಮರಗಟ್ಟುತ್ತಿತ್ತು, ತಿರುವಿನಲ್ಲಿ ಹಿಡಿತವೇ ಸಿಗುತ್ತಿರಲಿಲ್ಲ.

ಆ ಸೆಟ್ಟನ್ನು ಕೊಂದದ್ದು ಮಾತ್ರ ರಸ್ತೆಯಲ್ಲ, ನಾನೇ. ಪವರ್‌ಸ್ಲೈಡ್ ಕಲಿಯುವ ಹುಮ್ಮಸ್ಸು. ಬೋರ್ಡನ್ನು ಪೂರ್ತಿ ಅಡ್ಡ ತಿರುಗಿಸಿ ಜಾರಿಸುತ್ತಿದ್ದೆ. ಹಾಗೆ 90 ಡಿಗ್ರಿ ಅಡ್ಡ ನಿಂತರೆ ವೀಲ್ ಉರುಳುವುದೇ ಇಲ್ಲ, ಒಂದೇ ಜಾಗ ನೆಲಕ್ಕೆ ಉಜ್ಜುತ್ತದೆ. ಒಂದು ಸಂಜೆ ಮನೆಗೆ ಬರುವಾಗ ಕಾಲ ಕೆಳಗೆ ಟಕ ಟಕ ಟಕ. ಕಲ್ಲು ಸಿಕ್ಕಿಕೊಂಡಿದೆ ಅಂತ ಬಗ್ಗಿ ನೋಡಿದರೆ, ಹಿಂದಿನ ವೀಲಿನಲ್ಲಿ ಹೆಬ್ಬೆಟ್ಟಿನಗಲ ಚಪ್ಪಟೆ. ಇದನ್ನೇ ಫ್ಲಾಟ್ ಸ್ಪಾಟ್ ಅನ್ನುವುದು. ಸಣ್ಣದಿದ್ದರೆ ಓಡುತ್ತಾ ಓಡುತ್ತಾ ಸಮ ಆಗುವುದುಂಟು. ನನ್ನದು ಆಗಲಿಲ್ಲ. ಈಗ ಪೂರ್ತಿ ಅಡ್ಡ ಹಾಕುವುದಿಲ್ಲ, ಸ್ವಲ್ಪ ಓರೆಯಾಗೇ ಜಾರಿಸುತ್ತೇನೆ, ವೀಲ್ ತಿರುಗುತ್ತಿರಲಿ ಅಂತ.

ಎರಡನೇ ಸಲ ಬುದ್ಧಿ ಬಂದು ಬೀದಿಗೊಂದು, ಪಾರ್ಕಿಗೊಂದು ಸೆಟ್ ಇಟ್ಟುಕೊಂಡೆ. ಬೀದಿಗೆ 60 ಮಿಮೀ, 78ಎ. ಪಾರ್ಕಿಗೆ 54 ಮಿಮೀ, 99ಎ. 60ರದ್ದನ್ನು ಹಾಗೇ ಹಾಕಿದರೆ ತಿರುವಿನಲ್ಲಿ ವೀಲ್ ಹಲಗೆಗೆ ತಾಗಿ ಗಕ್ಕನೆ ನಿಲ್ಲುತ್ತದೆ. ಮಂಡಿ ತರಚಿಕೊಂಡ ಮೇಲೆ ಹಲಗೆಗೂ ಟ್ರಕ್ಕಿಗೂ (ವೀಲ್ ಕೂರುವ ಲೋಹದ ಭಾಗ) ನಡುವೆ ರೈಸರ್ ಪ್ಯಾಡ್, ಅಂದರೆ ಎತ್ತರಿಸುವ ದಪ್ಪ ಪಟ್ಟಿ ಕೊಟ್ಟೆ. ಸೆಟ್ ಬದಲಾಯಿಸಲು ಹತ್ತು ನಿಮಿಷ ಸಾಕು. ಆಕ್ಸಲ್ ನಟ್ಟಿಗೆ ಸ್ಕೂಟರ್ ಡಬ್ಬದಲ್ಲಿರುವ 13ರ ಸ್ಪ್ಯಾನರ್ರೇ ಆಗುತ್ತದೆ. ನಟ್ಟನ್ನು ಪೂರ್ತಿ ಬಿಗಿದು, ಆಮೇಲೆ ಕಾಲು ಸುತ್ತು ಸಡಿಲ ಬಿಡಿ. ವೀಲ್ ಕೈಯಲ್ಲಿ ಅಲ್ಲಾಡಿಸಿದರೆ ಚೂರೇ ಚೂರು ಆಡಬೇಕು.

ತಿಂಗಳಿಗೊಮ್ಮೆ ವೀಲ್‌ಗಳ ಜಾಗ ಬದಲಿಸುತ್ತೇನೆ. ಮುಂದಿನ ಎಡದ್ದು ಹಿಂದಿನ ಬಲಕ್ಕೆ, ಮುಂದಿನ ಬಲದ್ದು ಹಿಂದಿನ ಎಡಕ್ಕೆ, ಜೊತೆಗೆ ಒಳಮೈ ಹೊರಕ್ಕೆ. ನಾನು ಭಾರ ಹಾಕುವುದು ಹಿಂದಿನ ಕಾಲಿಗೆ, ಅದೂ ಹಿಮ್ಮಡಿ ಕಡೆಗೆ. ಹಾಗಾಗಿ ಆ ಒಂದು ವೀಲ್ ಬೇಗ ಸವೆಯುತ್ತದೆ, ಅದೂ ಒಂದೇ ಮಗ್ಗುಲಿಗೆ, ಬೆಲ್ಲದಚ್ಚಿನ ಹಾಗೆ. ಒಮ್ಮೆ ಆರು ತಿಂಗಳು ಸೋಮಾರಿತನ ಮಾಡಿ ವರ್ನಿಯರ್ ಇಟ್ಟು ನೋಡಿದೆ. ಮುಂದಿನದು 53, ಹಿಂದಿನದು 50! ಒಂದು ಮಾತು, ಬೇರಿಂಗ್ ನಡುವೆ ಕೂರದೆ ಒಂದು ಬದಿಗೆ ಕೂರುವ ವೀಲ್‌ಗಳಿಗೆ ಈ ಮಗುಚುವ ಉಪಾಯ ಒಗ್ಗುವುದಿಲ್ಲ. ಕೊಳ್ಳುವಾಗಲೇ ನೋಡಿಕೊಳ್ಳಿ.

ತೊಳೆಯುವುದು ಸುಲಭ. ಬೇರಿಂಗ್ ತೆಗೆದು, ಪಾತ್ರೆ ಸೋಪು, ಹಳೇ ಹಲ್ಲುಜ್ಜುವ ಬ್ರಷ್, ಅಷ್ಟೇ. ಥಿನ್ನರ್, ಅಸಿಟೋನ್ ಮುಟ್ಟಿಸಬೇಡಿ, ಯುರೆಥೇನ್ ಹಾಳಾಗುತ್ತದೆ. ಬಿಸಿಲಲ್ಲಿ ಬಿಟ್ಟರೆ ಹಳದಿಗೆ ತಿರುಗುತ್ತದೆ.

ಬೇರಿಂಗ್‌ಗೆ ನೀರು ಆಗದು. ಮಳೆಯಲ್ಲಿ ನೆನೆದ ಬೋರ್ಡನ್ನು ಹಾಗೇ ಮೂಲೆಗಿಟ್ಟರೆ ಮರುದಿನ ಕರ್ರ್ ಅನ್ನುತ್ತದೆ. ಬಹುತೇಕ ಎಲ್ಲವೂ 608 ಅಳತೆಯವು, 22 ಮಿಮೀ ಹೊರವ್ಯಾಸ, 8 ಮಿಮೀ ತೂತು. ಗುಂಡುಸೂಜಿಯಿಂದ ರಬ್ಬರ್ ಮುಚ್ಚಳ ಎಬ್ಬಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅಲ್ಲಾಡಿಸಿ, ಪೂರ್ತಿ ಒಣಗಿಸಿ, ಅಮ್ಮನ ಹೊಲಿಗೆ ಮಷೀನಿನ ಎಣ್ಣೆ ಒಂದೇ ತೊಟ್ಟು ಬಿಡುತ್ತೇನೆ. ಎರಡು ತೊಟ್ಟಾದರೆ ಧೂಳು ಮೆತ್ತಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆಯನ್ನೂ ಪ್ರಯೋಗ ಮಾಡಿದ್ದೆ. ಡಿಸೆಂಬರ್ ಚಳಿಗೆ ಅದು ಗಟ್ಟಿಯಾಗಿ, ಬೆಳಿಗ್ಗೆ ವೀಲ್ ತಿರುಗಲೇ ಇಲ್ಲ. ಅಮ್ಮ ನೋಡಿ ನಕ್ಕು, ಎಣ್ಣೆ ಡಬ್ಬವನ್ನು ನನ್ನ ಕೈಗೇ ಕೊಟ್ಟರು.